ಹೆಸರಿನವರೇ ಬರಬೇಕು

ಜನವರಿ ೧೨

ಮರಿ,

ಫೋನಿನಲ್ಲಿ ಹೇಳುವ ವಿಷಯವಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಅಮ್ಮನ ಕಿವಿ ಮಂದವಾಗಿದೆ ಎಂದು ನೀನು ಹೇಳುತ್ತೀಯ. ಕೇಳಿಸಬಾರದ ಮಾತು ಮಾತ್ರ ಅವಳಿಗೆ ಇವತ್ತಿಗೂ ಸ್ಪಷ್ಟವಾಗಿ ಕೇಳಿಸುತ್ತದೆ.

ಪೌರತ್ವದ ಅರ್ಜಿಗೆ ಉತ್ತರ ಬಂತು. ಮಂಜೂರೂ ಅಲ್ಲ, ತಿರಸ್ಕಾರವೂ ಅಲ್ಲ; ವಿವರಣೆ ಕೇಳಿದ್ದಾರೆ. 'ಮಾನಸಿಕ ಕಾಯಿಲೆಗೆ ಎಂದಾದರೂ ಚಿಕಿತ್ಸೆ ಪಡೆದಿದ್ದೀರಾ' ಎಂಬ ಪ್ರಶ್ನೆಗೆ ನಾನು 'ಇಲ್ಲ' ಎಂದು ಗುರುತು ಹಾಕಿದ್ದೆ. ಹುಟ್ಟಿದ ಊರಿನ ಆಸ್ಪತ್ರೆಗಳ ದಾಖಲೆ ತರಿಸಿ ನೋಡಲು ಒಪ್ಪಿಗೆಯಿದೆ ಎಂದು ಅದರ ಕೆಳಗೇ ಸಹಿಯನ್ನೂ ಮಾಡಿದ್ದೆ. ತರಿಸಿ ನೋಡಿದ್ದಾರೆ. ನನ್ನ ಹೆಸರು, ಹುಟ್ಟಿದ ತಾರೀಕು, ಅಪ್ಪನ ಹೆಸರು, ಎಲ್ಲ ಸರಿಯಾಗಿದೆ. ಬೈಪೋಲಾರ್. ನಲವತ್ತೊಂದು ದಿನ ಒಳರೋಗಿ.

ಆ ನಲವತ್ತೊಂದು ದಿನದ ಬಗ್ಗೆ ಇಪ್ಪತ್ತು ವರ್ಷದಲ್ಲಿ ನಾವು ಒಮ್ಮೆಯೂ ಮಾತಾಡಿಲ್ಲ. ನೋಂದಣಿ ಕಿಟಕಿಯ ಮುಂದೆ ನಿಂತದ್ದು ನನಗೆ ನೆನಪಿದೆ. ನಿನಗೆ ಹತ್ತೊಂಬತ್ತು. ಒಂದು ಕಡೆ ನಾನು, ಇನ್ನೊಂದು ಕಡೆ ಅಮ್ಮ ನಿನ್ನನ್ನು ಹಿಡಿದುಕೊಂಡಿದ್ದೆವು. ಗುಮಾಸ್ತ ರೋಗಿಯ ಹೆಸರು ಕೇಳಿದ. ಚಿಕ್ಕಪ್ಪ ಸ್ವಲ್ಪವೂ ತಡವರಿಸದೆ ನನ್ನ ಹೆಸರು ಹೇಳಿದರು. ಆಮೇಲೆ ಕಾರಿಡಾರಿನಲ್ಲಿ ನನ್ನನ್ನು ಪಕ್ಕಕ್ಕೆ ಕರೆದು, "ಅವಳಿಗೆ ಇನ್ನೂ ಮದುವೆ ಆಗಬೇಕು. ನಿನಗೆ ಹೇಗೂ ಆಗಿದೆ. ನಿನ್ನ ಹೆಸರಿಗೆ ಇನ್ನೇನಾಗುತ್ತೆ ಹೇಳು?" ಎಂದರು. ನನಗೂ ಸರಿ ಎನಿಸಿತು. ಇಪ್ಪತ್ತನಾಲ್ಕರ ವಯಸ್ಸು, ಗಂಡ ಇದ್ದರು. ಹೆಸರಿನಿಂದ ಆಗಬೇಕಾದ ಕೆಲಸವೆಲ್ಲ ಆಗಿಹೋಗಿದೆ ಎಂದುಕೊಂಡಿದ್ದೆ.

ನಿನ್ನ ಭಾವ ತೀರಿಕೊಂಡ ಮೇಲೆ, ಅವರ ಕೆಲಸದ ಆಧಾರದಲ್ಲಿದ್ದ ನನ್ನ ವಾಸದ ಪರವಾನಗಿ ಈ ಸೆಪ್ಟೆಂಬರಿಗೆ ಮುಗಿಯುತ್ತದೆ. ಗುಬ್ಬಿ ಇಲ್ಲೇ ಹುಟ್ಟಿದವಳು, ಇಲ್ಲಿಯ ಪ್ರಜೆ. ಅರ್ಜಿ ಬಿದ್ದುಹೋದರೆ ಹದಿನಾರು ವರ್ಷದ ಮಗಳನ್ನು ಬಿಟ್ಟು ಬರಬೇಕು, ಇಲ್ಲವೇ ಬುಡಸಮೇತ ಕಿತ್ತುಕೊಂಡು ಬರಬೇಕು. ಅವಳಿಗೆ ಇನ್ನೂ ಹೇಳಿಲ್ಲ.

ನೀನು ಆಸ್ಪತ್ರೆಗೆ ಹೋಗಿ, ಹೆಸರು ತಪ್ಪಾಗಿ ದಾಖಲಾಗಿದೆ ಎಂಬ ಒಂದು ಪತ್ರ ಬರೆಸಿಕೊಂಡು ಬಾ. ವರದಿಯ ಕೊನೆಯಲ್ಲಿ 'ಈಗಲೂ ಚಿಕಿತ್ಸೆಯಲ್ಲಿದ್ದಾರೆ' ಎಂದೂ ಇದೆ. ಹಳೆಯ ಕಡತವನ್ನು ಕಂಪ್ಯೂಟರಿಗೆ ಏರಿಸುವಾಗ ಯಾರೋ ಕಣ್ಣು ಮುಚ್ಚಿಕೊಂಡು ಬರೆದಿರಬೇಕು. ಒಂದು ಕಡೆ ತಪ್ಪಿದವರು ಇನ್ನೊಂದು ಕಡೆಯೂ ತಪ್ಪಿದ್ದಾರೆ ಎಂದು ತೋರಿಸಲು ನಮಗೆ ಅನುಕೂಲವೇ. ಅದನ್ನೂ ವಿಚಾರಿಸು.

ಅಕ್ಕ

 

ಫೆಬ್ರವರಿ ೩

ಅಕ್ಕಾ,

ತಡವಾಯಿತು, ಬೈಯಬೇಡ. ನಾನು ಓಡಿಸುವ ಶಾಲೆಯ ಬಸ್ಸಿಗೆ ಹೊಸ ದಾರಿ ಕೊಟ್ಟಿದ್ದಾರೆ, ಮೂರು ಕಿರಿದಾದ ತಿರುವು, ಮೂವತ್ತೆಂಟು ಮಕ್ಕಳು. ಒಂದು ಪುಟ್ಟ ಹುಡುಗಿ ನಿನ್ನೆ, "ಆಂಟಿ, ನೀವು ಬಸ್ಸಲ್ಲೇ ಇರ್ತೀರಾ? ನಿಮ್ಮ ಅಡುಗೆಮನೆ ಎಲ್ಲಿ?" ಎಂದು ಕೇಳಿತು. ಡಿಕ್ಕಿಯಲ್ಲಿ ಎಂದೆ. ಇವತ್ತು ತನ್ನ ಗೆಳತಿಯನ್ನು ಕರೆದುಕೊಂಡು ಬಂದು ಡಿಕ್ಕಿ ತೆಗೆಸಿ ನೋಡಿತು.

ಆಸ್ಪತ್ರೆಗೆ ಹೋಗಿದ್ದೆ. ದಾಖಲೆ ವಿಭಾಗದವರು ಕತ್ತೆತ್ತಿಯೂ ನೋಡಲಿಲ್ಲ. "ತಿದ್ದೋಕೆ ಬರಲ್ಲಮ್ಮ. ಹೆಸರಿನವರೇ ಬರಬೇಕು."

"ಹೆಸರಿನವರು ಬೇರೆ ದೇಶದಲ್ಲಿದ್ದಾರೆ."

"ವಾಪಸ್ ಬಂದಾಗ ಬರಲಿ."

"ಇದು ಸರಿಯಾಗದಿದ್ರೆ ವಾಪಸ್ ಬರಲೇಬೇಕಾಗುತ್ತೆ ಸರ್, ಅದೇ ತೊಂದರೆ."

"ಒಳ್ಳೇದಾಯ್ತಲ್ಲ, ಆಗ ಬರಲಿ" ಎಂದರು. ಅವರು ತಮಾಷೆ ಮಾಡುತ್ತಿರಲಿಲ್ಲ.

ಚಿಕ್ಕಪ್ಪನ ಮನೆಗೂ ಹೋದೆ. ಎರಡು ಹೆಜ್ಜೆಗೊಮ್ಮೆ ಕೂರುತ್ತಾರೆ, ನಾಲಿಗೆ ಮಾತ್ರ ಇನ್ನೂ ಕೂತಿಲ್ಲ. ಒಂದು ಸಾಕ್ಷಿ ಬರೆದುಕೊಡಿ ಎಂದೆ. "ಯಾವ ಆಸ್ಪತ್ರೆ? ನಾನ್ಯಾವತ್ತು ಬಂದಿದ್ದೆ?" ಎಂದರು. ಆಮೇಲೆ, "ಸುಳ್ಳು ಹೆಸರು ಬರೆಸಿದೆ ಅಂತ ನನ್ನ ಕೈಲೇ ಬರೆಸಿಕೊಂಡು ನನ್ನನ್ನೇ ಒಳಗೆ ಹಾಕಿಸ್ತೀಯೇನೇ? ಅವತ್ತು ನಿನ್ನ ಮಾನ ಉಳಿಸಿದ್ದಕ್ಕೆ ಇದಾ ಬಹುಮಾನ?" ಎಂದರು. ಚಿಕ್ಕಮ್ಮ ಒಳಗಿನಿಂದ, "ಹೌದೌದು, ಮಾನ ಉಳಿಸಿ ಮದುವೇನೂ ಮಾಡಿಸಿಬಿಟ್ರಲ್ಲ!" ಎಂದು ಕೂಗಿದರು. ನನಗೆ ನಗು ತಡೆಯಲಾಗಲಿಲ್ಲ. ಚಿಕ್ಕಮ್ಮನಿಗೂ.

ಅದಕ್ಕೇ ನಾನೇ ಬರೆದಿದ್ದೇನೆ. ಛಾಪಾ ಕಾಗದದ ಮೇಲೆ, ನೋಟರಿಯ ಎದುರು: 'ಆ ರೋಗಿ ನನ್ನ ಅಕ್ಕನಲ್ಲ, ನಾನು.' ಇದರ ಜೊತೆ ಇಟ್ಟಿದ್ದೇನೆ. ಸಾಕಾಗುತ್ತದೆ ಅಲ್ಲವೇ?

ಅಮ್ಮ ಚೆನ್ನಾಗಿದ್ದಾಳೆ. ನಾನೂ.

ಮರಿ

 

ಫೆಬ್ರವರಿ ೨೧

ಮರಿ,

ಮೊನ್ನೆ ವಿಚಾರಣೆ ಆಯಿತು. ಕಿಟಕಿಯಿಲ್ಲದ ಕೋಣೆ, ನೀರಿನ ಲೋಟಗಳಿಗೆ ಕಾಗದದ ಮುಚ್ಚಳ. ಒಬ್ಬರು ಅಧಿಕಾರಿ, ಒಬ್ಬರು ವೈದ್ಯರು. ಇಬ್ಬರೂ ಎಷ್ಟು ಮೃದುವಾಗಿ ಮಾತಾಡಿದರು ಎಂದರೆ, ನನಗೆ ಮೊದಲ ಐದು ನಿಮಿಷದಲ್ಲೇ ಭಯವಾಯಿತು.

ನಾನು ನಡೆದದ್ದನ್ನು ನಡೆದ ಹಾಗೇ ಹೇಳಿದೆ. ಅಧಿಕಾರಿ ಕೇಳಿದರು: "ಅಂದರೆ, ಆಸ್ಪತ್ರೆಯಲ್ಲಿ ನಿಮ್ಮ ಹೆಸರಿನಲ್ಲಿ ಇದ್ದದ್ದು ಬೇರೆಯವರು?"

"ಹೌದು."

ವೈದ್ಯರು ಸ್ವಲ್ಪ ಮುಂದಕ್ಕೆ ಬಾಗಿದರು. "ಹಾಗೆ ಅನ್ನಿಸೋಕೆ ಶುರುವಾಗಿದ್ದು ಯಾವಾಗಿನಿಂದ?"

ಅನ್ನಿಸುವುದಲ್ಲ, ಹಾಗೇ ಇದ್ದದ್ದು ಎಂದೆ. ದನಿ ಏರಿತು. ಏರಿದ್ದನ್ನು ಬರೆದುಕೊಂಡರು. ಇಳಿಸಿದೆ. ಅದನ್ನೂ ಬರೆದುಕೊಂಡರು ಎಂದು ಕಾಣುತ್ತದೆ. ನಿನ್ನ ಛಾಪಾ ಕಾಗದ ಕೊಟ್ಟೆ. ಅಧಿಕಾರಿ ಪೂರ್ತಿ ಓದಿ, "ನಿಮ್ಮ ತಂಗಿಗೆ ನಿಮ್ಮ ಮೇಲೆ ತುಂಬಾ ಪ್ರೀತಿ" ಎಂದು ಮಡಿಸಿ ವಾಪಸ್ ಕೊಟ್ಟರು. ನಿನ್ನ ಹೆಸರಿನಲ್ಲೂ ಹುಡುಕಿಸಿದ್ದಾರಂತೆ. ನೆಗಡಿಗೂ ನೀನು ಯಾವ ಆಸ್ಪತ್ರೆಗೂ ಹೋದ ದಾಖಲೆಯಿಲ್ಲ.

ವೈದ್ಯರ ಟಿಪ್ಪಣಿಯ ಪ್ರತಿ ಇವತ್ತು ಕೈಸೇರಿತು. ಒಂದು ಸಾಲು ಹೀಗಿದೆ: 'ಕಾಯಿಲೆಯನ್ನು ಸಂಪೂರ್ಣವಾಗಿ ನಿರಾಕರಿಸುತ್ತಾರೆ; ಅದನ್ನು ತಂಗಿಯದೆಂದು ನಂಬಿದ್ದಾರೆ; ಅರಿವಿಲ್ಲ.'

ವಕೀಲರೊಬ್ಬರನ್ನು ಹಿಡಿದಿದ್ದೇನೆ. ಅವರು ಮೊದಲು ಕೇಳಿದ್ದೇ ನೀನು ಉತ್ತರಿಸದೆ ಬಿಟ್ಟ ವಿಷಯವನ್ನು. 'ಈಗಲೂ ಚಿಕಿತ್ಸೆಯಲ್ಲಿದ್ದಾರೆ' ಎಂಬುದು ತಪ್ಪೆಂದು ಅಲ್ಲಿಂದ ಬರೆಸಿಕೊಂಡರೆ ಒಂದು ಎಳೆ ಸಿಕ್ಕ ಹಾಗೆ ಎಂದರು. ಆ ದಾಖಲೆ ವಿಭಾಗದವರನ್ನು ಇನ್ನೊಮ್ಮೆ ಹೋಗಿ ಕೇಳು. ಇದೊಂದಾದರೂ ಕಷ್ಟವಾಗಲಾರದು.

ಅಕ್ಕ

 

ಮಾರ್ಚ್ ೨

ಅಕ್ಕಾ,

ಅದು ತಪ್ಪಲ್ಲ.

ನಾನು ಈಗಲೂ ಹೋಗುತ್ತೇನೆ. ಮೂರು ತಿಂಗಳಿಗೊಮ್ಮೆ, ಶನಿವಾರ, ನಿನ್ನ ಹೆಸರಿನ ಚೀಟಿ ಹಿಡಿದು. ಬಿಟ್ಟುಬಿಟ್ಟೆ ಎಂದು ನಿಮಗೆಲ್ಲ ಹೇಳಿದ್ದೆ. ಇಪ್ಪತ್ತೆರಡನೇ ವಯಸ್ಸಿನಲ್ಲಿ ಒಮ್ಮೆ ನಿಜವಾಗಿಯೂ ಬಿಟ್ಟೆ, ಆರು ವಾರ. ಆಮೇಲೆ ಬಿಟ್ಟಿಲ್ಲ. ಕಳೆದ ಸಲ ದಾಖಲೆ ವಿಭಾಗಕ್ಕೆ ಹೋದಾಗ ಔಷಧದ ಕಿಟಕಿಯವರ ಕಣ್ಣಿಗೆ ಬೀಳಬಾರದೆಂದು ಹಿಂದಿನ ಗೇಟಿನಿಂದ ಹೋಗಿದ್ದೆ.

ನನ್ನ ಹೆಸರಿನಲ್ಲಿ ಹೋಗಬಹುದಿತ್ತಲ್ಲ ಎನ್ನುತ್ತೀಯ. ಬಸ್ಸಿನ ಕೆಲಸಕ್ಕೆ ವರ್ಷವೂ ಆರೋಗ್ಯದ ತಪಾಸಣೆ. ನನ್ನ ಹೆಸರಿನಲ್ಲಿ ಯಾವ ಡಾಕ್ಟರು ಈ ಮಾತ್ರೆ ಬರೆದರೂ ಸಾರಿಗೆ ಕಚೇರಿಗೆ ತಿಳಿಸಲೇಬೇಕು. ತಿಳಿದ ದಿನವೇ ಲೈಸೆನ್ಸ್ ಹೋಗುತ್ತದೆ. ಈ ಮಾತ್ರೆ ನುಂಗುವುದರಿಂದಲೇ ನಾನು ಬಸ್ ಓಡಿಸುವಷ್ಟು ನೆಟ್ಟಗಿದ್ದೇನೆ ಎಂದು ಹೇಳಲು ಅವರ ಫಾರಂನಲ್ಲಿ ಜಾಗವಿಲ್ಲ. ನಿನ್ನ ಹೆಸರಿನಲ್ಲಿ ಹೋದರೆ ಯಾರಿಗೂ ತೊಂದರೆಯಿಲ್ಲ ಎಂದುಕೊಂಡಿದ್ದೆ. ನೀನು ದೂರ ಇದ್ದೆ.

ಆದರೆ ನೋಡು, ಇದೇ ನಿನಗೆ ಸಾಕ್ಷಿ. ನೀನು ಹೋದ ಮೇಲಿನ ಹದಿನೆಂಟು ವರ್ಷದ ತಾರೀಕುಗಳು ಆಸ್ಪತ್ರೆಯ ಕಾರ್ಡಿನಲ್ಲಿವೆ. ಆ ದಿನಗಳಲ್ಲಿ ನೀನು ಆ ದೇಶದಲ್ಲಿದ್ದೆ, ನಿನ್ನ ಪಾಸ್‌ಪೋರ್ಟೇ ಹೇಳುತ್ತದೆ. ಎರಡೂ ಕಡೆ ಒಬ್ಬಳೇ ಇರಲು ಸಾಧ್ಯವಿಲ್ಲವಲ್ಲ. ಎಲ್ಲದರ ನಕಲು ಕಳಿಸಿದ್ದೇನೆ. ಧಾರಾಳವಾಗಿ ಕೊಡು. ನನ್ನ ಲೈಸೆನ್ಸಿನ ಚಿಂತೆ ಮಾಡಬೇಡ, ಮೂವತ್ತೊಂಬತ್ತಾಯಿತು, ಇನ್ನು ಕಂಡಕ್ಟರ್ ಆಗುತ್ತೇನೆ, ಇಲ್ಲವೇ ಬಸ್ಸೇ ಆಗುತ್ತೇನೆ.

ಕೋಪ ಬಂದಿದ್ದರೆ ಬೈದು ಬರಿ. ಬರೆಯದೆ ಮಾತ್ರ ಇರಬೇಡ.

ಮರಿ

 

ಏಪ್ರಿಲ್ ೧೭

ಮರಿ,

ಆರು ವಾರ ಬರೆಯಲಿಲ್ಲ. ಕೋಪವೇ ಎಂದು ನೋಡಿಕೊಂಡೆ. ಕೋಪವಿದ್ದಿದ್ದರೆ ಬರೆಯುವುದು ಸುಲಭವಾಗುತ್ತಿತ್ತು.

ನೀನು ಕಳಿಸಿದ್ದನ್ನೆಲ್ಲ ವಕೀಲರ ಮುಂದೆ ಇಟ್ಟೆ. ತಾರೀಕುಗಳನ್ನು ಪಾಸ್‌ಪೋರ್ಟಿನ ಜೊತೆ ಒಂದೊಂದಾಗಿ ಹೊಂದಿಸಿ ನೋಡಿದರು. ಆಮೇಲೆ ಎಲ್ಲವನ್ನೂ ಒಟ್ಟುಮಾಡಿ ನನ್ನ ಕಡೆಗೆ ತಳ್ಳಿದರು. "ಇದನ್ನು ಯಾರಿಗೂ ತೋರಿಸಬೇಡಿ" ಎಂದರು.

"ಇದರಿಂದ ನಿಜ ಗೊತ್ತಾಗುತ್ತಲ್ಲ?"

"ಗೊತ್ತಾಗೋದು ಒಂದೇ. ನಿಮ್ಮ ಹೆಸರಿನಲ್ಲಿ ಇಬ್ಬರಿದ್ದಾರೆ ಅಂತ. ಆಗ ಅವರು ಕಾಯಿಲೆ ಬಗ್ಗೆ ಕೇಳಲ್ಲಮ್ಮ. ಇಲ್ಲಿಗೆ ಬಂದಿರೋದು ಇಬ್ಬರಲ್ಲಿ ಯಾರು ಅಂತ ಕೇಳ್ತಾರೆ. ಮೊದಲಿಂದ ಎಲ್ಲಾ ತೆಗೀತಾರೆ, ಮದುವೆ, ಪರವಾನಗಿ, ಮಗುವಿನ ಜನನ ಪತ್ರ. ಕಾಯಿಲೆಗೆ ಈ ಕಾನೂನಿನಲ್ಲಿ ದಾರಿ ಇದೆ. ಇದಕ್ಕಿಲ್ಲ."

ಕಾಯಿಲೆಗಿರುವ ದಾರಿ ಹೀಗೆ. ನಾಚಿಕೆಯಿಂದ ಕಾಯಿಲೆ ಮುಚ್ಚಿಟ್ಟವರನ್ನು ಒಮ್ಮೆ ಮನ್ನಿಸುತ್ತಾರೆ. ಅದಕ್ಕೆ ಬೇರೆ ಫಾರಂ ಇದೆ. ನನಗೆ ಕಾಯಿಲೆ ಇದೆ, ಹೇಳಲು ನಾಚಿಕೆಯಾಯಿತು, ತವರಿನವರು ಮಾತ್ರೆ ತೆಗೆದುಕೊಂಡು ಅಂಚೆಯಲ್ಲಿ ಕಳಿಸುತ್ತಿದ್ದರು ಎಂದು ಬರೆಯಬೇಕು. ಇಲ್ಲಿಯ ಚಿಕಿತ್ಸಾಲಯದಲ್ಲಿ ಸೇರಿಕೊಳ್ಳಬೇಕು. ಎರಡು-ಮೂರು ತಿಂಗಳು ನೋಡಿ, ಸ್ಥಿತಿ ಹತೋಟಿಯಲ್ಲಿದೆ ಎಂದು ವೈದ್ಯರು ಬರೆದುಕೊಟ್ಟರೆ ಅರ್ಜಿ ಮುಂದೆ ಹೋಗುತ್ತದೆ. ಅಲ್ಲಿಯ ಕಡತ ಮುಚ್ಚಿ ಇಲ್ಲಿಗೆ ಕಳಿಸಬೇಕು.

ಸಹಿ ಮಾಡಿದ್ದೇನೆ. ನಿನ್ನನ್ನು ಕೇಳಿ ಮಾಡಬೇಕಿತ್ತು. ಕೇಳಿದ್ದರೆ ನೀನು 'ಮಾಡು' ಎನ್ನುತ್ತಿದ್ದೆ, ಅದು ನನಗೆ ಗೊತ್ತಿದ್ದುದರಿಂದಲೇ ಕೇಳಲಿಲ್ಲವೇನೋ.

ಇಪ್ಪತ್ತು ವರ್ಷ ಆಯಿತಲ್ಲ, ನಿನಗೆ ಈಗ ಮಾತ್ರೆ ಅಷ್ಟೊಂದು ಬೇಕಾಗಿಯೂ ಇರಲಾರದು. ಹೆಚ್ಚಾಗಿ ಅಭ್ಯಾಸಬಲ ಇರಬೇಕು.

ಅಕ್ಕ

 

ಮೇ ೬

ಅಕ್ಕಾ,

ಮಾಡಿದ್ದು ಸರಿ. ಗುಬ್ಬಿ ಮುಖ್ಯ.

ಶನಿವಾರ ಹೋಗಿದ್ದೆ. ಔಷಧದ ಕಿಟಕಿಯ ಹೆಂಗಸು ನನ್ನನ್ನು ನೋಡಿದವಳೇ ಎದ್ದು ನಿಂತು, "ಏನ್ರೀ, ನಮಗೆಲ್ಲ ಹೇಳದೆ ಫಾರಿನ್ನಿಗೆ ಹೊರಟುಬಿಟ್ರಾ? ನಿಮ್ಮ ಫೈಲ್ ಆಗಲೇ ಹೋಯ್ತಲ್ಲ!" ಎಂದಳು. ಪಕ್ಕದವಳನ್ನೂ ಕರೆದಳು. ಹದಿನೆಂಟು ವರ್ಷದಿಂದ ನೋಡಿದವರು, ಇಬ್ಬರೂ ಕಿಟಕಿಯಿಂದ ಕೈ ಹೊರಗೆ ಹಾಕಿ ನನ್ನ ಕೈ ಕುಲುಕಿದರು. "ಅಲ್ಲಿ ಚಳಿ ಜಾಸ್ತಿಯಂತೆ, ಸ್ವೆಟರ್ ತಗೊಳ್ಳಿ" ಎಂದರು. ತಗೊಳ್ಳುತ್ತೇನೆ ಎಂದೆ. ಮಾತ್ರೆ ಕೇಳಲು ಬಾಯಿ ಬರಲಿಲ್ಲ. ಹೊರಡುವವಳು ಏನೆಂದು ಕೇಳಲಿ?

ಮನೆಯಲ್ಲಿ ಇನ್ನೂ ಒಂದು ಪಟ್ಟಿ ಮಾತ್ರೆ ಇದೆ, ಅರ್ಧರ್ಧ ಮಾಡಿಕೊಂಡರೆ ಬರುತ್ತದೆ. ಆಮೇಲೆ ಬೇರೆ ಡಾಕ್ಟರನ್ನು ನೋಡುತ್ತೇನೆ. ನೀನು ಹೇಳಿದ ಹಾಗೆ ಅಭ್ಯಾಸವೇ ಇರಬಹುದು.

ಬಸ್ಸಿಗೆ ಎರಡು ತಿಂಗಳು ರಜೆ ಹಾಕಿದ್ದೇನೆ. ಅಮ್ಮನಿಗೆ ಮಂಡಿ ನೋವು ಎಂದು ಬರೆದೆ. ಅಮ್ಮನ ಮಂಡಿ ಚೆನ್ನಾಗಿದೆ. ಮೂವತ್ತೆಂಟು ಮಕ್ಕಳು, ಅಕ್ಕಾ.

ಮರಿ

 

ಜೂನ್ ೧೪

ಮರಿ,

ರಜೆ ಹಾಕಿದ್ದು ಒಳ್ಳೆಯದಾಯಿತು, ನೀನೂ ಸ್ವಲ್ಪ ಸುಧಾರಿಸಿಕೊ.

ನಾನು ಮಾತ್ರೆ ಶುರುಮಾಡಿ ಏಳು ವಾರವಾಯಿತು. ನುಂಗಿದ ಹಾಗೆ ಮಾಡಿ ನಿನಗೆ ಕಳಿಸಿಬಿಡೋಣ ಎಂದು ಮೊದಲು ಯೋಚಿಸಿದ್ದೆ. ಆಗುವುದಿಲ್ಲ. ಹದಿನೈದು ದಿನಕ್ಕೊಮ್ಮೆ ರಕ್ತ ತೆಗೆದು ಮದ್ದಿನ ಮಟ್ಟ ನೋಡುತ್ತಾರೆ. ಮಟ್ಟ ಸರಿಯಾಗಿ ಬರುತ್ತಿದೆ. ನರ್ಸ್ ಪ್ರತಿ ಸಲವೂ ಹೊಗಳುತ್ತಾಳೆ. ಬಾಯಿ ಒಣಗುತ್ತದೆ. ಕೈ ನಡುಗುತ್ತದೆ.

ನನ್ನ ಕೆಲಸ ನಿನಗೆ ಗೊತ್ತಲ್ಲ. ಹಲ್ಲಿನ ಡಾಕ್ಟರುಗಳು ಕಳಿಸುವ ದವಡೆಯ ಅಚ್ಚಿನ ಮೇಲೆ ಮೇಣದಲ್ಲಿ ಹಲ್ಲು ಕೂರಿಸಬೇಕು. ಒಂದು ಕೂದಲೆಳೆಯಷ್ಟು ಆಚೀಚೆಯಾದರೂ ಆ ಮನುಷ್ಯನಿಗೆ ಜೀವನಪೂರ್ತಿ ಊಟ ಸೇರುವುದಿಲ್ಲ. ಕಳೆದ ವಾರ ಮೂರು ಸೆಟ್ ವಾಪಸ್ ಬಂದವು. ಸೋಮವಾರ ಹೋದಾಗ ನನ್ನ ಮೇಜಿನ ಮೇಲೆ ಬೇರೆಯವರ ದೀಪ ಇತ್ತು. ಈಗ ಪೆಟ್ಟಿಗೆಗಳಿಗೆ ವಿಳಾಸ ಅಂಟಿಸುತ್ತೇನೆ. ಗುಬ್ಬಿಗೆ ಎಲ್ಲ ಹೇಳಬೇಕಾಯಿತು. ಎಲ್ಲ ಎಂದರೆ ಫಾರಂನಲ್ಲಿ ಇರುವುದನ್ನು. ನಿನ್ನ ವಿಷಯ ಹೇಳಿದರೆ ಎಲ್ಲಾದರೂ ಬಾಯಿಬಿಟ್ಟಾಳೆಂದು ವಕೀಲರು ಬೇಡವೆಂದರು. ಅವಳು ಈಗ ನಾನು ಜೋರಾಗಿ ನಕ್ಕರೆ ಓದುತ್ತಿರುವುದನ್ನು ಬಿಟ್ಟು ನೋಡುತ್ತಾಳೆ.

ಇನ್ನೊಂದು ತೊಡಕಿದೆ. ಕೊನೆಯ ಪತ್ರ ಬರೆಯುವ ಮುಂಚೆ ವೈದ್ಯರು ಕಾಯಿಲೆ ಮೊದಲ ಸಲ ಬಂದಾಗಿನ ಅನುಭವ ಕೇಳುತ್ತಾರೆ. ಎರಡು ಸಲ ಕೇಳಿದರು. ನಿದ್ದೆ ಬರಲಿಲ್ಲ, ಮಾತು ಜಾಸ್ತಿ ಆಯಿತು ಎಂದು ಏನೇನೋ ಓದಿಕೊಂಡು ಹೋಗಿ ಒಪ್ಪಿಸಿದೆ. "ಪುಸ್ತಕದಲ್ಲಿ ಇರೋದು ಬೇಡಮ್ಮ, ನಿಮಗೆ ಹೇಗಿತ್ತು ಹೇಳಿ" ಎಂದರು. ಜುಲೈ ಹತ್ತಕ್ಕೆ ಮತ್ತೆ ಹೋಗಬೇಕು.

ನಾನು ಅಲ್ಲೇ ಇದ್ದೆ. ನಿನ್ನ ತೋಳು ಹಿಡಿದುಕೊಂಡಿದ್ದೆ. ಆದರೂ ನನಗೆ ಏನೂ ಗೊತ್ತಿಲ್ಲ ಎಂದು ಆ ಕುರ್ಚಿಯಲ್ಲಿ ಕೂತಾಗ ಗೊತ್ತಾಯಿತು. ಮರಿ, ನಿನಗೆ ಹೇಗಿತ್ತು? ನಾವು ಯಾರೂ ಕೇಳಲಿಲ್ಲ. ಈಗ ಕೇಳುತ್ತಿರುವ ಕಾರಣ ಒಳ್ಳೆಯದಲ್ಲ. ಆದರೂ ಕೇಳುತ್ತಿದ್ದೇನೆ.

ಅಕ್ಕ

 

ಜೂನ್ ೩೦

ಅಕ್ಕಾ,

ನಿನ್ನ ಪತ್ರ ಹನ್ನೊಂದು ಸಲ ಓದಿದೆ, ಈ ಪ್ರಶ್ನೆ ಎಷ್ಟು ಚೆನ್ನಾಗಿದೆ, ಇದನ್ನು ಚೌಕಟ್ಟು ಹಾಕಿಸಿ ಗೋಡೆಗೆ ಹಾಕಬೇಕು. ಹೇಳುತ್ತೇನೆ, ಬರೆದುಕೊ.

ಮೊದಲು ಬಂದದ್ದು ಸಂತೋಷ. ಅದನ್ನು ಯಾರೂ ಬರೆದುಕೊಳ್ಳುವುದಿಲ್ಲ, ನಿನ್ನ ಡಾಕ್ಟರಿಗೆ ಅದನ್ನೇ ಮೊದಲು ಹೇಳು. ಹತ್ತು ದಿನ. ದಣಿವೆಂಬುದೇ ಇರಲಿಲ್ಲ. ನಮ್ಮ ಮನೆಯ ಮೆಟ್ಟಿಲು ತೊಳೆದೆ, ಪಕ್ಕದ ಮನೆಯದು ತೊಳೆದೆ, ಅದರಾಚೆಯದೂ. ನಿಲ್ದಾಣದಲ್ಲಿ ನಿಂತವರನ್ನೆಲ್ಲ ಮಾತಾಡಿಸಿದೆ. ಒಬ್ಬೊಬ್ಬರೂ ನಾನು ಬರಲೆಂದೇ ಅಲ್ಲಿ ನಿಂತಿದ್ದರು. ಅಂಥ ಪ್ರೀತಿ ನನಗೆ ಜನರ ಮೇಲೆ ಆಮೇಲೆ ಯಾವತ್ತೂ ಬಂದಿಲ್ಲ. ಆಮೇಲೆ ಮಾತು ನನಗಿಂತ ಮುಂದೆ ಹೋಯಿತು. ಇಳಿಜಾರಿನಲ್ಲಿ ಬ್ರೇಕ್ ತುಳಿದರೆ ಪೆಡಲ್ ಸೀದಾ ಕೆಳಗೆ ಹೋಗುತ್ತದಲ್ಲ, ಹಾಗೆ. ಹೆದರಿಕೆಯಾದದ್ದು ಬ್ರೇಕ್ ಇಲ್ಲದ್ದಕ್ಕಲ್ಲ. ಹಿಂದಿನ ಸೀಟಿನಲ್ಲಿ ನೀವೆಲ್ಲ ಕೂತಿದ್ದಿರಿ, ನೀವು ಯಾರೂ ಕಿರುಚುತ್ತಿರಲಿಲ್ಲ, ಬಾಗಿಲು ಕಿಟಕಿ ಹಾಕಿ ಹೊರಗಿನವರಿಗೆ ಕಾಣದ ಹಾಗೆ ನೋಡಿಕೊಳ್ಳುತ್ತಿದ್ದಿರಿ.

ಆಸ್ಪತ್ರೆಯದು ಬೇರೆ. ವಾರ್ಡಿನಲ್ಲಿ ದಿನವೂ ನಿನ್ನ ಹೆಸರು ಕೂಗುತ್ತಿದ್ದರು. ನಾನು ಅವಳಲ್ಲ, ಅವಳು ನನ್ನ ಅಕ್ಕ ಎನ್ನುತ್ತಿದ್ದೆ. ಬರೆದುಕೊಳ್ಳುತ್ತಿದ್ದರು. ದಿನವೂ ಹೇಳಿದೆ, ದಿನವೂ ಬರೆದುಕೊಂಡರು, ಮಾತ್ರೆ ಹೆಚ್ಚಿಸಿದರು. ಇಪ್ಪತ್ತಾರನೇ ದಿನ ಬೆಳಿಗ್ಗೆ ನರ್ಸ್ ನಿನ್ನ ಹೆಸರು ಕೂಗಿದಾಗ 'ಹಾಂ, ಬಂದೆ' ಎಂದೆ. ಅವತ್ತು 'ಸುಧಾರಣೆ ಕಾಣುತ್ತಿದೆ' ಎಂದು ಬರೆದರು. ಅದಾಗಿ ಹದಿನೈದು ದಿನಕ್ಕೆ ಮನೆಗೆ ಕಳಿಸಿದರು. ನೀವೆಲ್ಲ ಗೇಟಿನ ಹತ್ತಿರ ನಿಂತಿದ್ದಿರಿ, ಯಾರೋ ನನ್ನ ಹೆಸರು ಹಿಡಿದು ಕರೆದಿರಿ, ನಾನು ಎರಡು ಹೆಜ್ಜೆ ಮುಂದೆ ಹೋದ ಮೇಲೆ ನಿಂತೆ.

ಈ ಹೆಸರಿನ ವಿಷಯ ಬಿಟ್ಟು ಉಳಿದದ್ದನ್ನು ಹೇಳು. ನೀನು ಹೇಳಿದರೆ ನಂಬುತ್ತಾರೆ.

ನಾನು ತುಂಬಾ ಚೆನ್ನಾಗಿದ್ದೇನೆ ಅಕ್ಕಾ. ಪಟ್ಟಿ ಮುಗಿದು ಮೂರು ವಾರ ಆಯಿತು, ಏನೂ ಆಗಿಲ್ಲ, ನೀನೇ ಸರಿ. ನಾಳೆ ಇನ್ನೂ ಬರೆಯುತ್ತೇನೆ, ಇವತ್ತೇ ಬರೆಯುತ್ತೇನೆ, ಕಾಗದ ತರಲು ಹೋಗುತ್ತಿದ್ದೇನೆ.

ಮರಿ

 

ಜುಲೈ ೧೯

ಮರಿ,

ನಿನ್ನಿಂದ ಒಂದೇ ವಾರದಲ್ಲಿ ಒಂಬತ್ತು ಪತ್ರ ಬಂದಿವೆ. ಮೊದಲನೆಯದನ್ನು ಓದಿಕೊಂಡು ವೈದ್ಯರ ಹತ್ತಿರ ಹೋದೆ. ಸಂತೋಷದಿಂದಲೇ ಶುರುಮಾಡಿದೆ. ಹೇಳುತ್ತಾ ಹೇಳುತ್ತಾ ಅತ್ತೆ, ಅದು ನಟನೆಯಾಗಿರಲಿಲ್ಲ. ವೈದ್ಯರು ಪೆನ್ನು ಕೆಳಗಿಟ್ಟು ಕೇಳಿಸಿಕೊಂಡರು. ಕೊನೆಗೆ, "ಇವತ್ತು ನೀವು ನಿಜ ಹೇಳಿದಿರಿ" ಎಂದರು. ಪತ್ರ ಬರೆದುಕೊಟ್ಟರು. ಆಗಸ್ಟ್ ಕೊನೆಗೆ ಪ್ರಮಾಣವಚನ. ಗುಬ್ಬಿ ನನ್ನನ್ನು ತಬ್ಬಿಕೊಂಡಳು.

ಉಳಿದ ಎಂಟು ಪತ್ರಗಳನ್ನು ಆ ದಿನ ವಾಪಸ್ ಬಂದ ಮೇಲೆ ಓದಿದೆ. ಎಂಟನೆಯದರಲ್ಲಿ ಅಕ್ಷರಗಳು ಅಂಚು ದಾಟಿ ಹೋಗಿವೆ.

ನಿನ್ನೆ ಅಮ್ಮ ಫೋನ್ ಮಾಡಿದ್ದಳು. "ಇವಳು ಇಷ್ಟು ಗೆಲುವಾಗಿ ಇದ್ದದ್ದನ್ನು ನಾನು ನೋಡೇ ಇಲ್ಲ ಕಣೆ. ಇಡೀ ಬೀದಿಯವರ ಮೆಟ್ಟಿಲು ತೊಳೆದು ಬಂದಳು" ಎಂದಳು. ನಿನಗೆ ಫೋನ್ ಕೊಡು ಎಂದೆ. ನೀನು ಬಂದು ಏನೋ ಹೇಳಿ ನಕ್ಕು ಓಡಿದೆ. ಚಿಕ್ಕಪ್ಪನಿಗೆ ಮಾಡಿ, ನಿನ್ನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿ ಎಂದೆ. "ಸ್ವಲ್ಪ ತಡಿ, ಜನ ನೋಡ್ತಾರೆ"  ಎಂದರು.

ನಾನು ಬರಲಾರೆ. ಪ್ರಮಾಣವಚನದ ಮುಂಚೆ ದೇಶ ಬಿಟ್ಟರೆ ಅರ್ಜಿ ತಾನಾಗಿಯೇ ರದ್ದಾಗುತ್ತದೆ. ವಕೀಲರನ್ನು ಕೇಳಿದೆ. ಸ್ವಂತ ತಂಗಿ ಎಂದೆ. "ಆಕೆ ಆರೋಗ್ಯವಾಗಿದ್ದಾರೆ ಅಂತ ದಾಖಲೆ ಇದೆಯಲ್ಲ" ಎಂದರು.

ಅದಕ್ಕೆ ನೀನೇ ಹೋಗಬೇಕು. ಈ ಪತ್ರ ಕೈಗೆ ಬಂದ ದಿನವೇ ಅಮ್ಮನನ್ನು ಕರೆದುಕೊಂಡು ಹೋಗು. ಲೈಸೆನ್ಸ್ ಹೋದರೆ ಹೋಗಲಿ. ಅದೇ ನೋಂದಣಿ ಕಿಟಕಿ. ಹೆಸರು ಕೇಳುತ್ತಾರೆ; ನಿನ್ನ ಹೆಸರು ಹೇಳು. ಹಿಂದೆ ಎಂದಾದರೂ ಬಂದಿದ್ದೀರಾ ಎಂದು ಕೇಳಿದರೆ ಇಲ್ಲ ಎನ್ನು, ಹಾಗೆಂದೇ ಬರೆದಿದೆ, ವಾದ ಮಾಡಬೇಡ. ಆಮೇಲೆ ಇನ್ನೊಂದು ಕೇಳುತ್ತಾರೆ, ಇಲ್ಲಿ ನನ್ನನ್ನೂ ಕೇಳಿದ್ದರು: ಮನೆಯಲ್ಲಿ ಬೇರೆ ಯಾರಿಗಾದರೂ ಈ ಕಾಯಿಲೆ ಇದೆಯೇ ಎಂದು. ಅದಕ್ಕೆ ಮಾತ್ರ ಸುಮ್ಮನಿರಬೇಡ. ಅದೊಂದನ್ನು ಹೇಳಿದರೆ ಅವರು ಬೇಗ ಗಮನ ಕೊಡುತ್ತಾರೆ.

ಹೌದು, ನಮ್ಮ ಅಕ್ಕನಿಗಿದೆ ಎನ್ನು.

ಅಕ್ಕ